ತೂಕಕ್ಕೆ ಸಿಗದ ತುತ್ತು

ನಮ್ಮ ಭಾವ ಕಿಂಡಿಯಲ್ಲಿ ಸಿಕ್ಕಿಹಾಕಿಕೊಂಡ ದಿನ ಅವರ ತೂಕ ತೊಂಬತ್ನಾಲ್ಕು ಕೆಜಿ ಮುನ್ನೂರು ಗ್ರಾಂ ಇತ್ತು. ಇಷ್ಟು ಕರಾರುವಾಕ್ಕಾಗಿ ಹೇಳಬಲ್ಲೆ, ಏಕೆಂದರೆ ಅವತ್ತು ಸಂಜೆ ಅವರು ತಾವೇ ತೂಗಿಕೊಂಡು, ನೋಟುಪುಸ್ತಕದಲ್ಲಿ ಬರೆದು, ‘ಸಾಕ್ಷಿ’ ಎಂಬಲ್ಲಿ ನನ್ನಿಂದ ಸಹಿ ಹಾಕಿಸಿಕೊಂಡರು. ತೂಕದ ಯಂತ್ರ ರಿಪೇರಿ ಮಾಡುವವರ ಮನೆಯಲ್ಲಿ ಸಾಕ್ಷಿಯಿಲ್ಲದ ತೂಕ ತೂಕವೇ ಅಲ್ಲ. ನಾನು ಕಚೇರಿಯಲ್ಲಿ ಕೂತು ಸಹಿ ಮಾಡುವ ಕೆಲಸದವನು. ಇನ್ನೊಂದು ಸಹಿಯಿಂದ ನನಗೇನೂ ಸವೆಯುವುದಿಲ್ಲವೆಂದು ಒಪ್ಪಿಕೊಂಡೆ. ನೀನೂ ಹತ್ತಿ ನಿಲ್ಲು ಎಂದು ಅವರು ಕರೆದಾಗ ಮಾತ್ರ, ನನ್ನದು ಎಪ್ಪತ್ತೆಂಟು, ಬಹಳ ವರ್ಷದಿಂದ ಅಷ್ಟೇ ಇದೆ ಎಂದು ಹೇಳಿ ಜಾರಿಕೊಂಡೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ವಯಸ್ಸು ಐವತ್ತೆರಡು. ಪೇಟೆಯ ಅಂಗಡಿಯವರಿಗೆಲ್ಲ ಅವರು ‘ತೂಕದವರು’. ಬೇಕರಿಯ ಮೇಜಿನ ಮೇಲಿನ ಪುಟ್ಟ ತಕ್ಕಡಿಯಿಂದ ಹಿಡಿದು ಲಾರಿಗಳನ್ನು ತೂಗುವ ವೇಬ್ರಿಡ್ಜಿನವರೆಗೆ ಎಲ್ಲಿ ಅಂಕಿ ಹೆಚ್ಚುಕಡಿಮೆಯಾದರೂ ಅವರಿಗೆ ಫೋನು ಬರುತ್ತದೆ. ಈ ಲೋಕದಲ್ಲಿ ಯಾವುದು ಎಷ್ಟು ತೂಗುತ್ತದೆಂದು ಕೊನೆಯ ಮಾತು ಹೇಳುವ ಅಧಿಕಾರ ತಮ್ಮ ಕೈಚೀಲದಲ್ಲಿದೆ ಎಂಬುದು ಅವರ ನಂಬಿಕೆ. ಕೈಚೀಲದಲ್ಲಿ ಒಂದು ಮರದ ಪೆಟ್ಟಿಗೆ, ಅದರೊಳಗೆ ಮಖಮಲ್ಲಿನ ಗೂಡುಗಳಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳು. ಅವನ್ನು ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ಒಮ್ಮೆ ನಾನು ಮುಟ್ಟಲು ಹೋದಾಗ ಕೈ ಹಿಡಿದು ತಡೆದು, “ಬೆರಳಿನ ಜಿಡ್ಡೂ ತೂಕ ಕಣೋ,” ಅಂದಿದ್ದರು. ಆ ಮಾತನ್ನು ನೆನಪಿಡಬೇಕು. ಅಕ್ಕ ನೆನಪಿಟ್ಟುಕೊಂಡಿದ್ದಳು.

ಇನ್ನು ಕಿಂಡಿಯ ವಿಷಯ. ವೇಬ್ರಿಡ್ಜ್ ಎಂದರೆ ನೆಲಮಟ್ಟದಲ್ಲಿ ಹಾಸಿದ ದೊಡ್ಡ ಕಬ್ಬಿಣದ ಹಲಗೆ. ಲಾರಿ ಅದರ ಮೇಲೆ ಬಂದು ನಿಲ್ಲುತ್ತದೆ, ಪಕ್ಕದ ಕೋಣೆಯಲ್ಲಿ ಅಂಕಿ ಮೂಡುತ್ತದೆ. ಹಲಗೆಯ ಕೆಳಗೆ ಒಂದು ಗುಂಡಿ. ತೂಕವನ್ನು ಹೊತ್ತು ಲೆಕ್ಕ ಹೇಳುವ ಭಾಗಗಳೆಲ್ಲ ಇರುವುದು ಅಲ್ಲಿ. ಈಚಿನವಕ್ಕೆ ಕೆಳಗಿಳಿಯಲು ಬಾಗಿಲಿನಷ್ಟು ದೊಡ್ಡ ದಾರಿಯಿರುತ್ತದಂತೆ. ಊರಾಚೆಯ ಧಾನ್ಯದ ಗೋದಾಮಿನಲ್ಲಿರುವುದು ಹಳೆಯ ಕಾಲದ್ದು. ಅದರ ಕಿಂಡಿ ಹದಿನೆಂಟು ಇಂಚು ಉದ್ದ, ಹದಿನಾಲ್ಕು ಇಂಚು ಅಗಲ. ಅದನ್ನು ಕೊರೆದವನು ಮನುಷ್ಯರೆಲ್ಲ ಇಪ್ಪತ್ತೈದನೆಯ ವಯಸ್ಸಿನಲ್ಲೇ ನಿಂತುಬಿಡುತ್ತಾರೆ ಎಂದುಕೊಂಡಿರಬೇಕು.

ಇಪ್ಪತ್ತಾರು ವರ್ಷ, ಆರು ತಿಂಗಳಿಗೊಮ್ಮೆ, ಭಾವ ಆ ಕಿಂಡಿಯಲ್ಲಿ ಇಳಿದಿದ್ದರು. ಐವತ್ತಮೂರನೆಯ ಸಲ ಕಾಲು ಇಳಿಯಿತು, ತೊಡೆ ಇಳಿಯಿತು, ಹೊಟ್ಟೆ ಇಳಿಯಲಿಲ್ಲ. ಮೇಲೆ ಬರೋಣವೆಂದರೆ ಅಂಗಿ ಮಡಿಚಿಕೊಂಡು ಅದಕ್ಕೂ ಆಗಲಿಲ್ಲ. ಮೂರು ಲಾರಿಗಳು ಸಾಲಾಗಿ ನಿಂತಿದ್ದವು. ಒಬ್ಬ ಡ್ರೈವರು ಇಳಿದು ಬಂದು, ನೆಲದಿಂದ ಮೊಳೆತಂತಿದ್ದ ಭಾವನನ್ನು ಸುತ್ತು ಹಾಕಿ ನೋಡಿ, ಇವರನ್ನು ಯಾವಾಗ ನೆಟ್ಟಿದ್ದು ಎಂದು ಗೋದಾಮಿನ ಗುಮಾಸ್ತರನ್ನು ವಿಚಾರಿಸಿದನಂತೆ. ಕೊನೆಗೆ ನಾಲ್ಕು ಜನ ಕಂಕುಳಿಗೆ ಕೈ ಕೊಟ್ಟು ಎಳೆದರು. ಅಂಗಿಯ ಎರಡು ಗುಂಡಿ ಒಳಗೆ ಬಿದ್ದವು. ಗುಂಡಿಗಳಾದರೂ ಇಳಿದವಲ್ಲ ಎಂದು ಅಕ್ಕ ಆಮೇಲೆ ಸಮಾಧಾನ ಹೇಳಿದಳು.

ಕಂಪನಿಯ ಮ್ಯಾನೇಜರು ಸಭ್ಯ ಮನುಷ್ಯ. ಬೈಯಲಿಲ್ಲ. ಮುಂದಿನ ತಪಾಸಣೆಗೆ ಆರು ತಿಂಗಳಿದೆ, ಅಷ್ಟರೊಳಗೆ ಇಳಿಯುವಂತಾದರೆ ಸರಿ, ಇಲ್ಲದಿದ್ದರೆ ಆಫೀಸಿನಲ್ಲಿ ಕೂತು ಫೋನು ತೆಗೆದುಕೊಳ್ಳಿ, ಗುಂಡಿಯ ಕೆಲಸವನ್ನು ಸೂಜಿ ನೋಡಿಕೊಳ್ಳಲಿ ಅಂದರು. ಸೂಜಿ ಎಂಬುದು ಭಾವನ ಸಹೋದ್ಯೋಗಿಯ ಅಡ್ಡಹೆಸರು. ಆತನದೂ ಐವತ್ತರ ವಯಸ್ಸೇ. ಆದರೆ ಬಾಗಿಲು ಪೂರ್ತಿ ತೆರೆಯದೆ ಒಳಗೆ ಬರುವಷ್ಟು ಸಣಕಲು.

ಆಫೀಸಿನ ಕುರ್ಚಿಗೆ ಗಾಳಿಯಿದೆ, ನೆರಳಿದೆ, ಹೊತ್ತಿಗೆ ಸರಿಯಾಗಿ ಚಹಾ ಬರುತ್ತದೆ. ಯಾರಾದರೂ ಒಪ್ಪಿಕೊಳ್ಳುವಂಥದು. ಭಾವನಿಗೆ ಮಾತ್ರ ಅದು ಹಿಡಿಸಲಿಲ್ಲ. ಮೂರನೆಯ ದಿನ ನನಗೊಬ್ಬನಿಗೇ ಹೇಳಿದರು: “ಮೇಲೆ ನಲವತ್ತು ಟನ್ ಲಾರಿ ನಿಂತಿರತ್ತೆ. ಕೆಳಗೆ ನಾನೊಬ್ಬನೇ. ತಂಪಾಗಿರತ್ತೆ. ಕಬ್ಬಿಣದ ಮೇಲೆ ಕೈ ಇಟ್ರೆ ಅದು ಒಂದು ಕೂದಲೆಳೆಯಷ್ಟು ಬಗ್ಗೋದು ಗೊತ್ತಾಗತ್ತೆ. ಅದು ಬಿಟ್ಟು ಹಲೋ ಅನ್ಕೊಂಡು ಕೂತ್ಕೋಬೇಕಾ?”

ಮರುದಿನದಿಂದ ಯುದ್ಧ ಶುರುವಾಯಿತು.

ಮೊದಲು ಡಾಕ್ಟರ ಬಳಿ ಹೋದರು. ಡಾಕ್ಟರು ತೂಕದ ಯಂತ್ರದ ಮೇಲೆ ನಿಲ್ಲಿ ಅಂದರೆ, ಭಾವ ನಿಲ್ಲದೆ ಬಗ್ಗಿ ಅದರ ಹಿಂಬದಿ ನೋಡಿದರು. ತಪಾಸಣೆಯ ಮುದ್ರೆ ಇರಲಿಲ್ಲ. ಮುದ್ರೆಯಿಲ್ಲದ ಯಂತ್ರ ಏನು ಹೇಳಿದರೂ ಅದು ಬರೀ ಅಭಿಪ್ರಾಯ ಎಂದು ಡಾಕ್ಟರಿಗೆ ತಿಳಿವಳಿಕೆ ಕೊಟ್ಟು, ಹೊರಗೆ ರೋಗಿಗಳು ಕೆಮ್ಮುತ್ತ ಕಾದಿರುವಾಗ, ಅಲ್ಲೇ ನೆಲದ ಮೇಲೆ ಕೂತು ಬಿಚ್ಚಿ ಸರಿಮಾಡಿದರು. ಸರಿಯಾದ ಯಂತ್ರ, ಕೆಟ್ಟಿದ್ದಾಗ ತೋರಿಸುತ್ತಿದ್ದುದಕ್ಕಿಂತ ಎರಡು ಕೆಜಿ ಹೆಚ್ಚು ತೋರಿಸಿತು. ಡಾಕ್ಟರು ಬಹಳ ಸಂತೋಷದಿಂದ ಅದನ್ನು ಚೀಟಿಯಲ್ಲಿ ಬರೆದುಕೊಂಡು, ಊಟ ಅರ್ಧಕ್ಕೆ ಇಳಿಸಿ ಅಂದರು.

ಅರ್ಧ ಎಂದರೆ ಯಾವುದರ ಅರ್ಧ? ಅಂದಾಜಿನ ಮಾತು ಭಾವನ ಜಾಯಮಾನಕ್ಕೆ ಆಗದು. ಅವರು ಹದಿನೈದು ಕೆಜಿಯ ಅಂಗಡಿ ತಕ್ಕಡಿಯೊಂದನ್ನು ತಂದು ಊಟದ ಮೇಜಿನ ನಡುವೆ ಸ್ಥಾಪಿಸಿದರು. ನೀರಿನ ಮಟ್ಟ ನೋಡಿ ನಾಲ್ಕು ಕಾಲುಗಳನ್ನೂ ಸಮ ಮಾಡಿದರು. ಅನ್ನದ ಪಾತ್ರೆಯನ್ನು ಅದರ ಮೇಲಿಟ್ಟು ಸೊನ್ನೆ ಒತ್ತುವುದು, ತಟ್ಟೆಗೆ ಬಡಿಸಿಕೊಳ್ಳುವುದು, ಎಷ್ಟು ಕಡಿಮೆಯಾಯಿತೆಂದು ಬರೆಯುವುದು. ಆಮೇಲೆ ತರಕಾರಿ. ಆಮೇಲೆ ಮೊಸರು. ಅಕ್ಕನೂ, ರಾತ್ರಿ ಊಟಕ್ಕೆ ಅಲ್ಲಿಗೇ ಹೋಗುವ ನಾನೂ ತಟ್ಟೆ ಹಿಡಿದುಕೊಂಡು, ಗಡಿ ದಾಟಲು ಕಾದವರ ಹಾಗೆ, ಸರದಿಗಾಗಿ ಕೂತಿರುತ್ತಿದ್ದೆವು. ಊಟ ಬಾಯಿಗೆ ಬರುವಷ್ಟರಲ್ಲಿ ತಣ್ಣಗಾಗಿರುತ್ತಿತ್ತು. ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಅಳತೆ ಎಂಬುದು ಅವಳಿಗೇನೂ ಹೊಸದಲ್ಲ. ಆದರೂ ಒಂದು ದಿನ ತಾಳ್ಮೆ ಕೆಟ್ಟು, ನಾನು ಗಿರಾಕಿಗಳ ಅಳತೆ ತಗೊಳ್ಳೋವಾಗ ಅವರನ್ನು ಉಪವಾಸ ಕೆಡವೋದಿಲ್ಲ ಅಂದಳು.

ಭಾನುವಾರ ಬೆಳಿಗ್ಗೆ ನಾನು ಹೋಗಿ ಸಾಕ್ಷಿ ಸಹಿ ಹಾಕಬೇಕು. ಮೊದಲ ಭಾನುವಾರ ತೊಂಬತ್ನಾಲ್ಕು ಇನ್ನೂರು. ಎರಡನೆಯದು ತೊಂಬತ್ನಾಲ್ಕು ನಾನೂರು. ನಾಲ್ಕನೆಯದು ತೊಂಬತ್ನಾಲ್ಕು ಎಂಟುನೂರು. ಎಂಟನೆಯ ಭಾನುವಾರ ಅವರು ತೊಂಬತ್ತೈದು ಮುಟ್ಟಿದರು.

ಇಲ್ಲಿಂದ ನನಗೆ ಕುತೂಹಲ ಹಿಡಿಯಿತು. ಮನುಷ್ಯ ಸುಳ್ಳು ಬರೆಯುವವರಲ್ಲ. ತಟ್ಟೆಯಲ್ಲಿದ್ದದ್ದು ನಿಜಕ್ಕೂ ಮೊದಲಿನ ಅರ್ಧ. ನಾನೇ ಕಣ್ಣಾರೆ ನೋಡಿದ್ದೆ. ಹಾಗಾದರೆ ಈ ಏಳುನೂರು ಗ್ರಾಂ ಎಲ್ಲಿಂದ ಬಂತು? ಭಾವನ ಮೊದಲ ಸಂಶಯ ಯಂತ್ರದ ಮೇಲೆ. ಮೂರು ಯಂತ್ರ ತಂದು ನಿಂತು ನೋಡಿದರು. ಮೂರೂ ಅದೇ ಹೇಳಿದವು. ಎರಡನೆಯ ಸಂಶಯ ಗಾಳಿಯ ಮೇಲೆ. ಮೂರನೆಯದು ಮನೆತನದ ಮೇಲೆ, ಅವರ ಅಪ್ಪನ ಕಡೆಯವರೆಲ್ಲ ಮೂಳೆ ದಪ್ಪದವರಂತೆ. ಅಕ್ಕ ತಲೆಯೆತ್ತದೆ ಹೊಲಿಗೆಯ ಸೂಜಿಗೆ ದಾರ ಪೋಣಿಸುತ್ತ, ಮೂಳೆ ಎರಡು ತಿಂಗಳಲ್ಲಿ ಬೆಳೆಯಿತಾ ಎಂದು ಮಾತ್ರ ಕೇಳಿದಳು.

ನನ್ನನ್ನು ಅಂಗಡಿಯ ಮೂಲೆಗೆ ಕರೆದು ಅವಳು ಹೇಳಿದ್ದು ಇಷ್ಟು: ಒಂದು ದಿನ ರಜೆ ಹಾಕು, ಇವರ ಜೊತೆ ಬೆಳಗಿನಿಂದ ಸಂಜೆವರೆಗೆ ತಿರುಗು, ಕಣ್ಣು ತೆರೆದಿಟ್ಟುಕೋ, ಬಾಯಿ ಮುಚ್ಚಿಟ್ಟುಕೋ. ಜೊತೆಗೆ, ಉಳಿದ ಬಟ್ಟೆಯ ತುಂಡುಗಳಿಂದ ಹೊಲಿದ ಒಂದು ಚೀಲ ಕೊಟ್ಟಳು. ಅದರ ಉಪಯೋಗ ಏನೆಂದು ಹೇಳಿದಾಗ ನನ್ನ ಒಡಹುಟ್ಟಿದವಳ ತಲೆಯ ಬಗ್ಗೆ ನನಗೆ ಹೆಮ್ಮೆಯೂ ಸ್ವಲ್ಪ ಭಯವೂ ಆಯಿತು.

ನಿಮ್ಮ ಕೆಲಸ ನೋಡಬೇಕೆಂದು ಬಹಳ ದಿನದ ಆಸೆ ಎಂದೆ. ಭಾವ ಹಿಗ್ಗಿಹೋದರು. ತಮ್ಮ ಕೆಲಸ ನೋಡಲು ಜನ ಬರುವುದು ಯಾವತ್ತೋ ಆಗಬೇಕಿತ್ತು ಎಂಬಂಥ ಹಿಗ್ಗು ಅದು.

ಮೊದಲ ಅಂಗಡಿ ಬೇಕರಿ. ಭಾವ ತಕ್ಕಡಿಯ ಮೇಲೆ ಬಟ್ಟುಗಳನ್ನಿಟ್ಟು ತೆಗೆದು, ಇಟ್ಟು ತೆಗೆದು, ತಿರುಪು ಬಿಗಿಮಾಡಿದರು. ಬೇಕರಿಯಾಕೆ ಮಾತಾಡುತ್ತಲೇ ಅವರ ಕೈಗೆ ಒಂದು ಕೇಕಿನ ತುಂಡು ಕೊಟ್ಟರು. ನಾನು ನೆಂಟನೆಂದು ಗೊತ್ತಾಗಿ ನನಗೂ ಅಷ್ಟೇ ದೊಡ್ಡದು. ಭಾವ ಅಂಕಿಗಳ ಮೇಲಿಟ್ಟ ಕಣ್ಣು ತೆಗೆಯದೆ ಅದನ್ನು ಬಾಯಿಗೆ ಹಾಕಿಕೊಂಡರು. ಹಾಕಿಕೊಂಡದ್ದು ಅವರಿಗೆ ಗೊತ್ತಾಯಿತೋ ಇಲ್ಲವೋ. ನಾನು ನನ್ನದನ್ನು ಮೆಲ್ಲಗೆ ಚೀಲಕ್ಕೆ ಇಳಿಸಿದೆ. ಕಾಳುಬೇಳೆಯ ಅಂಗಡಿಯಲ್ಲಿ ಒಂದು ಹಿಡಿ ಕಡಲೆಕಾಯಿ ಬೀಜ. ಹಣ್ಣಿನ ಅಂಗಡಿಯಲ್ಲಿ ಒಂದು ಬಾಳೆಹಣ್ಣು, ಎರಡು ಖರ್ಜೂರ. ಗುಜರಿ ಅಂಗಡಿಯಲ್ಲಿ, ಅಲ್ಲಿ ತಿನ್ನಲು ಏನಿರುತ್ತದೆ ಎಂದುಕೊಂಡಿದ್ದೆ, ಹಳೇ ಕಬ್ಬಿಣದ ರಾಶಿಯ ಹಿಂದಿನಿಂದ ಬಿಸ್ಕತ್ತಿನ ಡಬ್ಬಿ ಬಂತು. ಇದು ಲಂಚವೆನ್ನುವಂತಿಲ್ಲ. ಭಾವ ಬರೀ ರಿಪೇರಿಯವರು; ದಂಡ ಹಾಕುವ ಅಧಿಕಾರಿಗಳು ಬೇರೆ. ಜನಕ್ಕೆ ಅವರು ಬರುವುದು ಇಷ್ಟ, ಅಷ್ಟೆ. ಕೆಲಸ ಮಾಡುವ ಕೈ ಸುಮ್ಮನಿರುವಾಗ ಅದರಲ್ಲಿ ಏನಾದರೂ ಇಡದಿದ್ದರೆ ಅವರಿಗೆ ಸಮಾಧಾನವಿಲ್ಲ. ಭಾವನೂ ಬೇಡ ಎನ್ನುವುದಿಲ್ಲ, ಕೊಡಿ ಎನ್ನುವುದೂ ಇಲ್ಲ. ಅವರ ಬಾಯಿಗೂ ಅವರಿಗೂ ನಡುವೆ ಯಾವ ಪತ್ರವ್ಯವಹಾರವೂ ಇದ್ದಂತೆ ಕಾಣಲಿಲ್ಲ.

ಸಂಜೆಯವರೆಗೆ ಹನ್ನೊಂದು ಅಂಗಡಿ. ನಡುವೆ ನನಗೂ ಹಸಿವಾಗಿ ಚೀಲದಿಂದ ಎರಡು ಬಿಸ್ಕತ್ತು ತಿಂದೆ. ಸಾಕ್ಷಿಯಾದವನು ಸತ್ಯ ಹೇಳಬೇಕು: ಮೂರು.

ಊಟದ ಹೊತ್ತಿಗೆ ಭಾವ ಎಂದಿನಂತೆ ಅನ್ನ ತೂಗಿದರು. ನೂರ ಎಂಬತ್ತು ಗ್ರಾಂ ಎಂದು ಬರೆದು, ಇಡೀ ದಿನ ಇಷ್ಟು ದುಡಿದು ಇಷ್ಟೇ ತಿನ್ನುವವನು ಮತ್ತೊಬ್ಬನಿದ್ದರೆ ತೋರಿಸಿ ಎಂಬಂತೆ ನಮ್ಮನ್ನು ನೋಡಿದರು. ಊಟ ಮುಗಿಯಿತು. ಪಾತ್ರೆ ತೊಳೆಯುವುದು ಅವರದೇ ಕೆಲಸ. ಅದರಲ್ಲಿ ಎಂದೂ ತಪ್ಪಿದವರಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಪಾತ್ರೆಯ ತಳದಲ್ಲಿ ಎರಡು ಸೌಟು ಉಳಿದಿತ್ತು, ಅಷ್ಟನ್ನು ಫ್ರಿಜ್ಜಿನಲ್ಲಿಡುವುದೆಂತು? ತಿಂದರು. ಅಕ್ಕ ಬಿಟ್ಟ ಬ್ರೆಡ್ಡಿನ ಅಂಚು, ಮೊಸರಿನ ಬಟ್ಟಲಿನ ಕೊನೆ. ನಲ್ಲಿಯ ಮುಂದೆ ನಿಂತೇ, ಒಂದು ಕೈಯಲ್ಲಿ ಸೋಪು, ಒಂದು ಕೈಯಲ್ಲಿ ಊಟ.

“ಅದನ್ನ ಬರೆಯೋದಿಲ್ವಾ ಭಾವ?” ಎಂದು ಕೇಳಿದೆ.

ಅವರು ನನ್ನನ್ನು ಪಾಪ ಅಜ್ಞಾನಿ ಎಂಬಂತೆ ನೋಡಿದರು. ಕೈ ಒರೆಸಿಕೊಂಡು ಮೇಜಿನ ಬಳಿ ಕರೆದೊಯ್ದು, ತಕ್ಕಡಿಯ ಮೇಲಿನ ಲೋಹದ ಪಟ್ಟಿಯನ್ನು ತೋರಿಸಿದರು. ಗರಿಷ್ಠ ಹದಿನೈದು ಕೆಜಿ. ಕನಿಷ್ಠ ನೂರು ಗ್ರಾಂ.

“ಪ್ರತಿ ಯಂತ್ರಕ್ಕೂ ಒಂದು ಕನಿಷ್ಠ ಇರತ್ತೆ. ಅದಕ್ಕಿಂತ ಕಡಿಮೆ ಇಟ್ರೆ ಅಂಕಿ ಬರತ್ತೆ, ಆದ್ರೆ ಅದನ್ನ ನಂಬೋ ಹಾಗಿಲ್ಲ. ಕಾನೂನಿನ ಪ್ರಕಾರ ಅದು ತೂಕ ಅಲ್ಲ. ತೂಕ ಅಲ್ಲದ್ದನ್ನ ನಾನು ಹೇಗಯ್ಯಾ ಬರೀಲಿ?”

ನಾನು ದಂಗಾದೆ. ಅವರು ತಮಾಷೆ ಮಾಡುತ್ತಿರಲಿಲ್ಲ. ಎರಡು ತಿಂಗಳು, ದಿನಕ್ಕೆ ಇಪ್ಪತ್ತು ಸಲ, ನೂರು ಗ್ರಾಮಿನೊಳಗಿನ ತುತ್ತುಗಳು ಪೂರ್ಣ ಕಾನೂನುಬದ್ಧವಾಗಿ, ತೂಕವೇ ಇಲ್ಲದೆ, ಅವರ ಹೊಟ್ಟೆಗೆ ಇಳಿದಿದ್ದವು. ಬೇರೆಯವರು ಕದ್ದು ತಿನ್ನುತ್ತಾರೆ, ಮರೆತು ತಿನ್ನುತ್ತಾರೆ. ನಿಯಮಾವಳಿಯ ಬೆಂಬಲದಿಂದ ತಿಂದವರನ್ನು ನಾನು ಕಂಡದ್ದು ಅದೇ ಮೊದಲು.

ಅಕ್ಕ ನನ್ನ ಭುಜದಿಂದ ಚೀಲ ತೆಗೆದಳು. ಖಾಲಿ ತಟ್ಟೆಯೊಂದನ್ನು ತಕ್ಕಡಿಯ ಮೇಲಿಟ್ಟು, ಗಂಡ ಮಾಡುವ ಹಾಗೆಯೇ ಗಂಭೀರವಾಗಿ ಸೊನ್ನೆ ಒತ್ತಿ, ಚೀಲವನ್ನು ಅದರಲ್ಲಿ ಸುರಿದಳು. ಕೇಕು, ಬೀಜ, ಖರ್ಜೂರ, ಬಾಳೆಹಣ್ಣು, ಬಿಸ್ಕತ್ತು, ಮುರುಕು ಚಾಕೊಲೇಟು, ಬೇಯಿಸಿದ ಮುಸುಕಿನ ಜೋಳದ ಒಂದು ತುಂಡು. ಐನೂರ ಅರವತ್ತು ಗ್ರಾಂ. ನಾನು ಮೂರು ಬಿಸ್ಕತ್ತಿನ ವಿಷಯ ಒಪ್ಪಿಕೊಂಡೆ.

“ಇದೇನು?” ಅಂದರು ಭಾವ.

“ಇವತ್ತು ಅವನಿಗೆ ಕೊಟ್ಟಿದ್ದು. ನಿಮಗೂ ಅಷ್ಟಷ್ಟೇ ಕೊಟ್ರಂತೆ. ಅವನದು ಇಲ್ಲಿದೆ. ನಿಮ್ಮದೆಲ್ಲಿದೆ?”

ಭಾವ ತಮ್ಮ ಹೊಟ್ಟೆಯ ಕಡೆ ನೋಡಿಕೊಂಡರು. ಪರಿಚಯದವರನ್ನು ಅನಿರೀಕ್ಷಿತ ಜಾಗದಲ್ಲಿ ಕಂಡಂತಿತ್ತು ಆ ನೋಟ.

“ಬೆರಳಿನ ಜಿಡ್ಡು ತೂಕ,” ಅಂದಳು ಅಕ್ಕ, ತಟ್ಟೆಯನ್ನು ಅವರತ್ತ ಸರಿಸುತ್ತ. “ಬಿಸ್ಕತ್ತು ತೂಕ ಅಲ್ಲ, ಅಲ್ವಾ?”

ಭಾವ ಅಂಕಿಯನ್ನು ನೋಡಿದರು. ತಕ್ಕಡಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿದರು. ಅದು ಮತ್ತೆ ಐನೂರ ಅರವತ್ತಕ್ಕೇ ಬಂದು ನಿಂತಿತು. ಆಮೇಲೆ ನೋಟುಪುಸ್ತಕ ತೆಗೆದು, ಆ ದಿನದ ಪುಟದಲ್ಲಿ ನೂರ ಎಂಬತ್ತರ ಕೆಳಗೆ, ಅಂದವಾದ ಅಕ್ಷರದಲ್ಲಿ ‘ಹಿಂದೆ ಬಿಟ್ಟುಹೋದದ್ದು: 560’ ಎಂದು ಬರೆದು, ಸಾಕ್ಷಿ ಸಹಿಗಾಗಿ ಪುಸ್ತಕವನ್ನು ನನ್ನತ್ತ ತಿರುಗಿಸಿದರು. ಈ ಮನುಷ್ಯನ ಮೇಲೆ ನನಗಿರುವ ಗೌರವಕ್ಕೆ ಕಾರಣ ಇದು. ತಪ್ಪನ್ನೂ ಮುದ್ರೆ ಹಾಕಿಯೇ ಒಪ್ಪುತ್ತಾರೆ.

ಗೊತ್ತಾದದ್ದೇನೋ ಆಯಿತು, ಬಿಡುವುದು ಹೇಗೆ? ಬೇಡ ಎಂದ ಮೊದಲ ದಿನವೇ ಬೇಕರಿಯಾಕೆ ಮುಖ ಸಣ್ಣದು ಮಾಡಿಕೊಂಡು, ನಮ್ಮ ಕೇಕು ಹಳಸಿದೆ ಎಂದು ಯಾರಾದರೂ ಹೇಳಿದರಾ ಎಂದು ವಿಚಾರಿಸಿದರು. ಗುಜರಿಯವರಂತೂ, ನನ್ನ ತಕ್ಕಡಿಯಲ್ಲಿ ಏನೋ ಮೋಸ ಕಂಡು ಮುನಿಸಿಕೊಂಡಿದ್ದಾರೆ ಎಂದೇ ತೀರ್ಮಾನಿಸಿ, ಎರಡು ದಿನ ನಿದ್ದೆಗೆಟ್ಟರಂತೆ. ಇಪ್ಪತ್ತಾರು ವರ್ಷದ ಸ್ನೇಹವನ್ನು ಡಾಕ್ಟರ ಚೀಟಿ ತೋರಿಸಿ ಮುರಿಯಲಾಗುವುದಿಲ್ಲ. ಅದಕ್ಕೆ ಅಕ್ಕನ ಚೀಲವೇ ದಾರಿಯಾಯಿತು. ಕೊಟ್ಟದ್ದನ್ನೆಲ್ಲ ತೆಗೆದುಕೊಳ್ಳುವುದು, ಚೀಲಕ್ಕೆ ಹಾಕುವುದು, ಮನೆಗೆ ತಂದು ತೂಗುವುದು, ಅದರಲ್ಲಿ ಒಂದನ್ನು ಆರಿಸಿ ತಿನ್ನುವುದು. ಅಕ್ಕ ಹಾಕಿದ ಷರತ್ತು ಒಂದೇ. ಏನು ತಿಂದರೂ ಕೂತು ತಿನ್ನಬೇಕು. ನಿಂತಲ್ಲಿ ಬಾಯಾಡಿಸಕೂಡದು.

ಕೇಳಲು ಸುಲಭ. ಮೊದಲ ವಾರ ಭಾವ ನಲ್ಲಿಯ ಮುಂದೆ ನಿಂತು, ತಳದಲ್ಲಿ ಉಳಿದ ಎರಡು ಸೌಟು ನೋಡಿ, ಪಾತ್ರೆ ಹಿಡಿದುಕೊಂಡು ಮೇಜಿಗೆ ಬಂದು ಕೂರುತ್ತಿದ್ದರು. ಕೂತ ಮೇಲೆ, ಎದುರಿಗೆ ಹೆಂಡತಿ ಕತ್ತರಿ ಹಿಡಿದು ಕೂತಿರುವಾಗ, ಸುಟ್ಟು ತಳಹಿಡಿದ ಅನ್ನ ತಿನ್ನಲು ಅಷ್ಟೇನೂ ಚೆಂದ ಕಾಣುತ್ತಿರಲಿಲ್ಲ. ಎದ್ದುಹೋಗಿ ಡಬ್ಬಿಗೆ ಹಾಕಿಡುತ್ತಿದ್ದರು. ಇದನ್ನು ನೋಡಿ ನನಗೆ ಆಶ್ಚರ್ಯವಾದದ್ದು ನಿಜ. ಇಷ್ಟು ವರ್ಷ ಅವರು ತಿನ್ನುತ್ತಿದ್ದದ್ದು ಹಸಿವಿಗಲ್ಲ, ರುಚಿಗೂ ಅಲ್ಲ. ಬರೀ ಅದು ಕೈಗೆಟುಕುವಷ್ಟು ಹತ್ತಿರ ಇತ್ತು ಎಂಬುದಕ್ಕೆ.

ಚೀಲದಲ್ಲಿ ಉಳಿದದ್ದು ಅಕ್ಕನ ಅಂಗಡಿಯ ಮೇಜಿನ ಮೇಲೆ ಒಂದು ಬುಟ್ಟಿಯಲ್ಲಿ ಕೂತಿತು. ಬಟ್ಟೆ ಹೊಲಿಸಲು ಬಂದವರು ಕಾಯುತ್ತ ಒಂದೊಂದು ತಿಂದರು. ಆ ನಾಲ್ಕು ತಿಂಗಳಲ್ಲಿ ಸೊಂಟದ ಬಳಿ ಸ್ವಲ್ಪ ಬಿಡಿಸಿಕೊಡಿ ಎಂದು ಬಂದವರ ಸಂಖ್ಯೆ ಹೆಚ್ಚಾಯಿತೆಂದು ಅಕ್ಕ ಹೇಳುತ್ತಾಳೆ. ಕಾರಣದ ವಿಷಯದಲ್ಲಿ ಅವಳು ಏನೂ ಹೇಳುವುದಿಲ್ಲ.

ತೂಕ ಇಳಿಯಿತು. ಭಾನುವಾರಕ್ಕೆ ಎಂಟುನೂರು, ಒಂಬೈನೂರು. ಒಂದೊಂದು ವಾರ ಏನೂ ಇಲ್ಲ. ಒಂದು ಮದುವೆಯ ಊಟದಲ್ಲಿ ಪೂರ್ತಿ ಒಂದು ಕೆಜಿ ವಾಪಸು ಬಂತು. ನಾಲ್ಕನೆಯ ತಿಂಗಳ ಕೊನೆಗೆ ತೊಂಬತ್ತೊಂದು ತೋರಿಸಿದಾಗ ಭಾವ ಪುಸ್ತಕ ಮುಚ್ಚಿ, ಇನ್ನು ಕಿಂಡಿಯ ಚಿಂತೆಯಿಲ್ಲ ಎಂದು ಘೋಷಿಸಿದರು. ಅಕ್ಕ ಒಳಗಿನಿಂದ ಒಂದು ದೊಡ್ಡ ರಟ್ಟು ತಂದಳು. ಅಂಗಿಯ ಮಾದರಿ ಕತ್ತರಿಸುವ ದಪ್ಪ ರಟ್ಟು. ನಡುವೆ ಹದಿನೆಂಟು ಇಂಚು ಉದ್ದ, ಹದಿನಾಲ್ಕು ಇಂಚು ಅಗಲದ ತೂತು.

“ಆ ಕಿಂಡಿ ನಿಮ್ಮ ತೂಕ ಕೇಳಲ್ಲ. ಅಳತೆ ಕೇಳತ್ತೆ. ತೂರಿ ನೋಡೋಣ.”

ಭಾವ ಕೈಗಳನ್ನು ಮೇಲೆತ್ತಿ ನಿಂತರು. ನಾನು ಒಂದು ಕಡೆ, ಅಕ್ಕ ಒಂದು ಕಡೆ ಹಿಡಿದು ರಟ್ಟನ್ನು ತಲೆಯ ಮೇಲಿಂದ ಇಳಿಸಿದೆವು. ಭುಜ ಓರೆಯಾಗಿ ದಾಟಿತು. ಎದೆ ದಾಟಿತು. ಹೊಕ್ಕುಳಿನ ಹತ್ತಿರ ಬಂದು, ಮೇಜಿನಂತೆ ಅಡ್ಡಲಾಗಿ ನಿಂತಿತು. ಬೇಕಾದರೆ ಅದರ ಮೇಲೆ ಎರಡು ಲೋಟ ಇಡಬಹುದಿತ್ತು. ಇನ್ನೂ ಎರಡು ತಿಂಗಳಿತ್ತು, ಇಳಿಯಬೇಕಾದದ್ದು ಮುಕ್ಕಾಲು ಇಂಚು ಇತ್ತು.

ಆ ರಟ್ಟು ಆಮೇಲೆ ಫ್ರಿಜ್ಜಿನ ಪಕ್ಕದ ಮೊಳೆಗೆ ತೂಗುಬಿತ್ತು. ಭಾವ ಅದನ್ನು ಕಂಡಾಗೆಲ್ಲ ಉಸಿರು ಒಳಗೆಳೆದುಕೊಂಡು ನಡೆಯುತ್ತಿದ್ದರು. ಸಂಜೆ ಮನೆಗೆ ಬರುವಾಗ ಎರಡು ಬಸ್ ನಿಲ್ದಾಣ ಮೊದಲೇ ಇಳಿಯತೊಡಗಿದರು. ಇದನ್ನು ಯಾರಿಗೂ ಹೇಳಲಿಲ್ಲ. ನಡಿಗೆಯನ್ನು ಯಾವ ಪುಸ್ತಕದಲ್ಲಿ ಬರೆಯಬೇಕೆಂದು ಅವರಿಗೆ ಗೊತ್ತಿರಲಿಲ್ಲವೇನೋ. ಚಪ್ಪಲಿ ಸವೆದದ್ದು ನೋಡಿ ಅಕ್ಕ ಪತ್ತೆಮಾಡಿದಳು.

ತಪಾಸಣೆಯ ಬೆಳಿಗ್ಗೆ ನಾನೂ ಗೋದಾಮಿಗೆ ಹೋದೆ. ಸಾಕ್ಷಿಯನ್ನು ಬಿಟ್ಟು ಹೋಗುವುದುಂಟೇ? ಹಿಂದಿನ ಭಾನುವಾರದ ತೂಕ ಎಂಬತ್ತೆಂಟು ಕೆಜಿ ನೂರು ಗ್ರಾಂ. ರಟ್ಟು ಹಿಂದಿನ ಸಂಜೆ ಉಸಿರು ಹೊರಬಿಟ್ಟರೆ ದಾಟುತ್ತಿತ್ತು, ಉಸಿರು ತೆಗೆದುಕೊಂಡರೆ ಇಲ್ಲ. ಮ್ಯಾನೇಜರು ಕೊಡೆ ಹಿಡಿದು ನಿಂತಿದ್ದರು. ಸೂಜಿಯೂ ಬಂದಿದ್ದ, ಕೈಕವಚ ತೊಟ್ಟು, ಮುಖ ಬಿಳಿಚಿಕೊಂಡು. ನನ್ನ ಬಳಿ ಸರಿದು ಪಿಸುಗುಟ್ಟಿದ: “ಹೇಗಾದ್ರೂ ನಿಮ್ಮ ಭಾವನೇ ಇಳೀಲಿ ಅಂತ ಬೇಡ್ಕೊಳ್ಳಿ ಸಾರ್. ಹೋದ ಸಲ ಅವರ ಬದಲು ನಾನು ಇಳಿದಾಗ ಒಂದು ಜೇಡ ನನ್ನನ್ನೇ ನೋಡ್ತಿತ್ತು.” ಇಡೀ ಆರು ತಿಂಗಳು ಭಾವ ಈ ಮನುಷ್ಯನನ್ನು ತಮ್ಮ ಕುರ್ಚಿಗೆ, ಅಂದರೆ ತಮ್ಮ ಗುಂಡಿಗೆ, ಕಣ್ಣು ಹಾಕಿದ ಶತ್ರುವೆಂದುಕೊಂಡಿದ್ದರು.

ಗೋದಾಮಿನ ಗುಮಾಸ್ತರು ಎಂದಿನಂತೆ ಬೆಣ್ಣೆ ಸವರಿದ ಬನ್ನು ತಂದರು. ಭಾವ ಚೀಲ ತೆರೆದು ಹಿಡಿದರು. ಅದರೊಳಗೆ ಅದು ಬಿತ್ತು. ಅವರು ಅಂಗಿ ಕಳಚಿ, ಚೀಲದ ಜೊತೆ ನನ್ನ ಕೈಗೆ ಕೊಟ್ಟು ಬನಿಯನ್ನಿನಲ್ಲಿ ನಿಂತರು. ಹಿಂದಿನ ಸಲದ ಅದೇ ಡ್ರೈವರು ಲಾರಿಯಿಂದಲೇ ತಲೆ ಹೊರಹಾಕಿ ನೋಡುತ್ತಿದ್ದ.

ಕಾಲು ಇಳಿಯಿತು. ತೊಡೆ ಇಳಿಯಿತು. ಹೊಟ್ಟೆ ಅಂಚಿಗೆ ತಗುಲಿ ನಿಂತಿತು. ಭಾವ ಕಣ್ಣು ಮುಚ್ಚಿದರು. ಮ್ಯಾನೇಜರ ಕೊಡೆ ಸ್ವಲ್ಪ ಓರೆಯಾಯಿತು. ಸೂಜಿ ನನ್ನ ತೋಳು ಹಿಡಿದುಕೊಂಡ. ಆಮೇಲೆ ಭಾವ ತಮ್ಮೊಳಗಿದ್ದ ಉಸಿರನ್ನೆಲ್ಲ, ಹೋದ ವರ್ಷದ್ದೂ ಸೇರಿಸಿಯೋ ಎಂಬಂತೆ, ಹೊರಗೆ ಬಿಟ್ಟರು. ಕಬ್ಬಿಣಕ್ಕೆ ಬನಿಯನ್ನು ಉಜ್ಜಿದ ಸದ್ದಾಯಿತು. ನೆಲದ ಮೇಲೆ ಇದ್ದ ಮನುಷ್ಯ ಈಗ ಇರಲಿಲ್ಲ.

ಒಳಗಿನಿಂದ ಮೂರು ಸಲ ಸುತ್ತಿಗೆಯ ಸದ್ದು ಬಂತು. ಎಲ್ಲ ಸರಿ ಎಂಬುದಕ್ಕೆ ಅವರ ಗುರುತು. ಮ್ಯಾನೇಜರು ಏನೂ ಆಗದವರಂತೆ ಕೊಡೆ ನೆಟ್ಟಗೆ ಮಾಡಿಕೊಂಡು, ಫೋನು ತೆಗೆದುಕೊಳ್ಳಲು ಬೇರೆ ಯಾರನ್ನಾದರೂ ನೋಡಬೇಕು ಅಂದರು. ತನ್ನ ಕೈ ತಾನಾಗಿಯೇ ಮೇಲೆತ್ತಿದವನು ಸೂಜಿ.

ಯಂತ್ರ ಈಚೆಗೆ ನಲವತ್ತು ಕೆಜಿ ತಪ್ಪು ತೋರಿಸುತ್ತಿತ್ತು. ಎರಡು ಗಂಟೆ ಕಾಲ ಭಾವ ಕೆಳಗಿನಿಂದ ಬಕೆಟ್ಟು ಬಕೆಟ್ಟಾಗಿ ಕಸ ಕಳಿಸಿದರು. ಲಾರಿಗಳಿಂದ ಉದುರಿದ ಕಾಳು, ಧೂಳು, ಮಣ್ಣು. ಒಂದೊಂದೇ ಕಾಳು ಸಂದಿಯಲ್ಲಿ ಬಿದ್ದು, ಒತ್ತಿ, ಗಟ್ಟಿಯಾಗಿ ಹಲಗೆಯನ್ನು ಆನಿಸಿಕೊಂಡು ನಿಂತಿತ್ತಂತೆ. ಕೊನೆಯ ಬಕೆಟ್ಟಿನ ಜೊತೆ ಹಿಂದಿನ ಸಲ ಬಿದ್ದ ಅಂಗಿಯ ಎರಡು ಗುಂಡಿಗಳೂ ಬಂದವು. ಭಾವ ಮೇಲೆ ಬಂದು, ಮೈತುಂಬ ಮಣ್ಣಾಗಿ, ಆ ಕಸದ ರಾಶಿಯನ್ನು ನೋಡುತ್ತ ನಿಂತಾಗ ನನಗೆ ಒಂದು ಒಳ್ಳೆಯ ಮಾತು ಹೊಳೆಯಿತು. ಬಾಯಿ ತೆರೆದೆ. “ಗೊತ್ತು, ಹೇಳ್ಬೇಡ,” ಅಂದರು.

ಲಾರಿ ಬಂತು, ಹೋಯಿತು. ಅಂಕಿ ಸರಿ ಬಂತು. ಮುದ್ರೆ ಬಿತ್ತು. ಆಮೇಲೆ ಭಾವ ಒಂದು ಕೆಲಸ ಮಾಡಿದರು. ಖಾಲಿ ಹಲಗೆಯ ನಡುವೆ ಒಬ್ಬರೇ ಹೋಗಿ ನಿಂತು, ಎಷ್ಟು ಎಂದು ಗುಮಾಸ್ತರನ್ನು ಕೇಳಿದರು. ಕೋಣೆಯಿಂದ ಉತ್ತರ ಬಂತು, ತೊಂಬತ್ತು. ಆ ಯಂತ್ರಕ್ಕೆ ಹತ್ತು ಕೆಜಿಗಿಂತ ಚಿಕ್ಕ ಹೆಜ್ಜೆ ಗೊತ್ತಿಲ್ಲ. ಭಾವ ನಗತೊಡಗಿದರು. ಆರು ತಿಂಗಳಲ್ಲಿ ಅವರು ಹಾಗೆ ನಕ್ಕಿದ್ದು ನಾನು ನೋಡಿರಲಿಲ್ಲ.

“ಇದರ ಕನಿಷ್ಠ ಇನ್ನೂರು ಕೆಜಿ. ಇದರ ಮೇಲೆ ನಾನು ತೂಕವೇ ಅಲ್ಲ.”

ಸೂಜಿ ಹುರುಪಿನಿಂದ ಪಕ್ಕದಲ್ಲಿ ಹೋಗಿ ನಿಂತ. ನೂರ ನಲವತ್ತು. ಇನ್ನೂ ಲೆಕ್ಕಕ್ಕಿಲ್ಲ. ಬಾರೋ ಎಂದು ಇಬ್ಬರೂ ಕರೆದರು. ಅಷ್ಟು ಸಂತೋಷದಲ್ಲಿದ್ದವರಿಗೆ ಇಲ್ಲ ಎನ್ನುವುದು ಹೇಗೆ? ಅಂಗಿ, ಚೀಲ ಕೆಳಗಿಟ್ಟು ನಾನೂ ಹತ್ತಿದೆ. ಗುಮಾಸ್ತರು ಓದಿದರು: ಇನ್ನೂರ ಮೂವತ್ತು. ಯಂತ್ರ ನಮ್ಮನ್ನು ಮಾನ್ಯ ಮಾಡಿತ್ತು.

ನಗು ನಿಲ್ಲಿಸಿದ್ದು ಭಾವ. ಅವರ ತುಟಿಗಳು ಇನ್ನೂರ ಮೂವತ್ತರಿಂದ ನೂರ ನಲವತ್ತನ್ನು ಕಳೆಯುತ್ತಿದ್ದವು. ನನ್ನತ್ತ ತಿರುಗಿ ಮೇಲಿಂದ ಕೆಳಗೆ ನೋಡಿದರು, ಬೇಕರಿಯ ತಕ್ಕಡಿಯನ್ನು ನೋಡುವ ಹಾಗೆ.

ನನ್ನದು ಎಪ್ಪತ್ತೆಂಟೇ, ಹತ್ತರ ಹೆಜ್ಜೆಯ ಯಂತ್ರ, ಐದು ಅತ್ತ ಐದು ಇತ್ತ ಇರುತ್ತದೆ ಎಂದೆ. ಜೇಬಿನಲ್ಲಿ ಬೀಗದ ಕೈಗಳಿವೆ ಎಂದೆ. ಇನ್ನೂರಕ್ಕಿಂತ ಕಡಿಮೆಯದನ್ನು ಕಳೆದು ಬಂದ ಲೆಕ್ಕ ಕಾನೂನಿನ ಪ್ರಕಾರ ತೂಕವೇ ಅಲ್ಲ ಎಂದು ಅವರ ಮಾತನ್ನೇ ಅವರಿಗೆ ಹೇಳಿದೆ. ಭಾವ ತಾಳ್ಮೆಯಿಂದ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಬಗ್ಗಿ ಚೀಲ ಎತ್ತಿಕೊಂಡರು. ನಾನು ಅದನ್ನು ಹಿಡಿದುಕೊಂಡಿದ್ದ ಆ ಎರಡು ಗಂಟೆಗಳಲ್ಲಿ ಬನ್ನು ಅದರಿಂದ ಹೇಗೋ ಕಾಣೆಯಾಗಿತ್ತು.

“ಭಾನುವಾರ ಬೆಳಿಗ್ಗೆ ಬಾ,” ಅಂದರು. “ಖಾಲಿ ಹೊಟ್ಟೇಲಿ. ಸಾಕ್ಷಿಗೆ ನಾನು ಸಹಿ ಹಾಕ್ತೀನಿ.”